ಮೂವತ್ತೊಂದು ಮನೆಗಳ ಒಂದೇ ನಂಬರ್

ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಒಂದು ದೂರು ಬಂತು. ದೂರಿನ ಬೆನ್ನಿಗೆ ಇಡೀ ಒಂದು ಬೀದಿಯೂ ಬಂತು.

ಎಲ್ಲರಿಗಿಂತ ಮುಂದೆ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು. ಕುತ್ತಿಗೆಯಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು. ಹಿಂದೆ ಮುದುಕರು, ಮುದುಕಿಯರು, ಗಿರಾಕಿಯ ಅರ್ಧ ಮುಖಕ್ಕೆ ನೊರೆ ಬಳಿದು ಬಿಟ್ಟುಬಂದ ಕ್ಷೌರದವ, ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದ ಒಬ್ಬಾಕೆ. ಬಾಗಿಲಲ್ಲಿದ್ದ ಪೇದೆ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಯಾರು ಹೋದ್ರು?" ಎಂದು ಕೇಳಿದ.

"ಯಾರೂ ಹೋಗಿಲ್ಲಪ್ಪ. ಫೋನ್ ಹೋಗಿದೆ," ಎಂದಳು ಅವಳ ಹಿಂದಿದ್ದ ಮುದುಕಿ.

"ಒಂದು ಫೋನಿಗೆ ಇಷ್ಟೊಂದು ಜನಾನಾ ಅಜ್ಜಿ?"

"ಇಷ್ಟೊಂದು ಜನಕ್ಕೆ ಇರೋದೇ ಒಂದು ಫೋನ್ ಕಣೋ."

ಒಳಗೆ ಕುಳಿತಿದ್ದ ಇನ್‌ಸ್ಪೆಕ್ಟರ್‌ಗೆ ಈ ಮಾತು ಕೇಳಿಸಿತು. ಅವಳು ಈ ಠಾಣೆಗೆ ಬಂದು ಐದು ತಿಂಗಳಾಗಿತ್ತು. ಕಾಣೆಯಾದ ಫೋನುಗಳ ದೂರನ್ನು ದಿನಕ್ಕೆ ಮೂರಾದರೂ ಬರೆಸಿಕೊಳ್ಳುತ್ತಿದ್ದಳು. ಒಂದಕ್ಕೂ ಯಾರೂ ಅತ್ತಿರಲಿಲ್ಲ. ಇಲ್ಲಿ ಮೂವರು ಅಳುತ್ತಿದ್ದರು. ಅಳತೆಪಟ್ಟಿಯವಳು ಮಾತ್ರ ಅಳುತ್ತಿರಲಿಲ್ಲ.

ಒಳಗಿದ್ದ ಯುವ ಕಾನ್‌ಸ್ಟೇಬಲ್ ಕಾಗದ ತೆಗೆದ. ಎಲ್ಲಿಗೆ ಹೋದರೂ ಸ್ಥಳದ ಚಿತ್ರವನ್ನು ಗೆರೆ ತಪ್ಪದೆ ಬರೆಯುವ ಹುಡುಗನಾದ್ದರಿಂದ ಅವನನ್ನು ಎಲ್ಲರೂ ನಕ್ಷೆ ಎಂದೇ ಕರೆಯುತ್ತಿದ್ದರು.

"ಹೇಳಿ. ಎಲ್ಲಿಟ್ಟಿದ್ರಿ, ಎಷ್ಟೊತ್ತಿಗೆ ಹೋಯ್ತು?" ಎಂದು ಅಳತೆಪಟ್ಟಿಯವಳನ್ನು ಕೇಳಿದ.

"ಹೊಲಿಗೆ ಮಿಷನ್ ಪಕ್ಕ ಮೊಳೆಗೆ ಚೀಲ ಕಟ್ಟಿದ್ದೀನಿ. ಅದರಲ್ಲಿತ್ತು. ಬೆಳಿಗ್ಗೆ ಎಂಟೂವರೆಗೆ ನೀರು ತರೋಕೆ ಒಳಗೆ ಹೋದೆ. ಬಂದು ನೋಡಿದ್ರೆ ಇಲ್ಲ."

"ಎಷ್ಟು ಹೊತ್ತು ಒಳಗಿದ್ರಿ?"

"ಐದು ನಿಮಿಷ."

"ಯಾರ ಮೇಲಾದ್ರೂ ಅನುಮಾನ?"

ಹೊಲಿಗೆಯವಳು ತಲೆ ಅಲ್ಲಾಡಿಸಿದಳು. ಹಿಂದಿದ್ದವರ ಬಾಯಿಗೆ ಮಾತ್ರ ಬೀಗವಿರಲಿಲ್ಲ. "ಕಿಟಕಿ ಸಾಹೇಬನ್ನ ಹಿಡ್ಕೊಂಡು ಬನ್ನಿ ಮೇಡಂ! ಹೊಟ್ಟೆಕಿಚ್ಚು ಅವನಿಗೆ!" ಎಂದು ನಾಲ್ಕು ದಿಕ್ಕಿನಿಂದ ಕೂಗು ಬಂತು.

ಕಳವು ಎಂದು ಎಫ್‌ಐಆರ್ ದಾಖಲಾಯಿತು. ಸಮಯ ಹತ್ತು ಐವತ್ತು. ಅದೇ ಗಳಿಗೆಯಲ್ಲಿ ಫೋನ್ ಕಂಪನಿಗೆ ವಿವರ ಕೇಳಿ ಒಂದು ಪತ್ರವೂ ಹೋಯಿತು.

ಹನ್ನೊಂದೂ ಮುಕ್ಕಾಲಿಗೆ ಇನ್‌ಸ್ಪೆಕ್ಟರ್ ಬೀದಿಗೆ ಹೋದಳು. ಎರಡು ಗೋದಾಮುಗಳ ನಡುವೆ ಸಿಕ್ಕಿಬಿದ್ದ ಇಕ್ಕಟ್ಟಾದ ಬೀದಿ ಅದು. ಒಬ್ಬರ ಬಾಗಿಲು ತೆರೆದರೆ ಎದುರು ಮನೆಯ ಗೋಡೆಗೆ ಬಡಿಯುವಂತಿತ್ತು. ಹೊಲಿಗೆಯಂಗಡಿ ಬೀದಿಯ ಮೂಗಿನಲ್ಲಿ, ಬರುವವರೆಲ್ಲ ಹಾದುಹೋಗಲೇಬೇಕಾದ ಜಾಗದಲ್ಲಿ. ಒಂದು ಹೊಲಿಗೆ ಮಿಷನ್, ಒಂದು ಸ್ಟೂಲು, ಬಟ್ಟೆ ಕತ್ತರಿಸುವ ಹಲಗೆ, ಹೊಲಿದ ತೋಳುಗಳನ್ನು ಏರಿಸಿ ಇಸ್ತ್ರಿ ಹಾಕುವ ಕಂದು ದಿಂಬು, ಮೊಳೆಯಲ್ಲಿ ಖಾಲಿ ಚೀಲ. ನಕ್ಷೆ ಎಲ್ಲವನ್ನೂ ಅಳೆದು ಬರೆದುಕೊಂಡ. ಎದುರಿನ ಔಷಧಿ ಅಂಗಡಿಯವನನ್ನೂ ಕ್ಷೌರದವನನ್ನೂ ಪಂಚರನ್ನಾಗಿ ನಿಲ್ಲಿಸಿ ಪಂಚನಾಮೆ ಮುಗಿಸಿದರು.

ಇಸ್ತ್ರಿ ಪೆಟ್ಟಿಗೆಯ ಮುದುಕಿ ಕರೆಯದಿದ್ದರೂ ಪಕ್ಕಕ್ಕೆ ಬಂದು ಕುಳಿತಳು. ಬೀದಿಯ ಬಟ್ಟೆಗೆಲ್ಲ ಇಸ್ತ್ರಿ ಹಾಕುವವಳು ಅವಳೇ.

"ಅಜ್ಜಿ, ಸರಕಾರಿ ಅರ್ಜಿಗೆಲ್ಲ ಎಲ್ಲರೂ ಇವರದೇ ನಂಬರ್ ಯಾಕೆ ಕೊಟ್ರಿ?"

"ಮತ್ತಿನ್ಯಾರದು ಕೊಡಬೇಕಿತ್ತು ಮಗಳೇ? ಮೂರು ವರ್ಷದ ಹಿಂದೆ ಕಚೇರಿಲಿ ಅರ್ಜಿ ತಗೊಳ್ಳೋ ಕಿಟಕಿ ಮುಚ್ಚಿದ್ರು. ಇನ್ಮೇಲೆ ಎಲ್ಲಾ ಫೋನಲ್ಲೇ, ನಂಬರ್ ಕೊಡಿ ಅಂದ್ರು. ನನ್ನ ಹತ್ರ ಫೋನ್ ಎಲ್ಲಿದೆ? ಇವನ ಫೋನಿಗೆ ಗುಂಡಿ ಮಾತ್ರ ಇದೆ, ಅವನದು ತಿಂಗಳಿಗೊಂದು ನಂಬರ್. ಈ ಹೊಲಿಗೆ ಅಕ್ಕ ಓದಿದವಳು. ಬೆಳಿಗ್ಗೆಯಿಂದ ಸಂಜೆವರೆಗೂ ಇಲ್ಲೇ ಕೂತಿರ್ತಾಳೆ. ಕಾಗದ ಬಂದ್ರೂ ಇಲ್ಲೇ ಕೊಟ್ಟು ಹೋಗೋ ವಾಡಿಕೆ ಇತ್ತು. ಹಂಗೇ ನಂಬರ್ರೂ."

"ಕೆಲಸ ಆಗ್ತಿತ್ತಾ?"

"ಆಗ್ದೇ? ನನಗೆ ಕೆಳಮಹಡಿ ಮನೆ ಬರ್ತಾ ಇದೆ. ಕಿಟಕಿ ಇರೋ ಮನೆ!" ಮುದುಕಿಯ ಮುಖ ಅರಳಿತು. "ಸರಕಾರ ಮೊದಲಿನ ಹಂಗಿಲ್ಲ ಮಗಳೇ. ನಿಧಾನ, ಆದ್ರೆ ಮರೆಯಲ್ಲ. ಎಲ್ಲಾ ಪರಿಶೀಲನೆಯಲ್ಲಿದೆ."

ಇನ್‌ಸ್ಪೆಕ್ಟರ್‌ಗೆ ಚಿಕ್ಕಂದಿನ ಒಂದು ಕತೆ ನೆನಪಾಯಿತು. ಯಾರದೋ ಪ್ರಾಣ ಏಳು ಸಮುದ್ರದಾಚೆ ಒಂದು ಗಿಳಿಯೊಳಗೆ ಇರುತ್ತಿತ್ತು. ಗಿಳಿಯ ಕಾಲು ಮುರಿದರೆ ಇಲ್ಲಿ ಇವನ ಕಾಲು ಮುರಿಯುತ್ತಿತ್ತು. ಇಲ್ಲಿ ಮೂವತ್ತೊಂದು ಮನೆಯವರು ಪ್ರಾಣವನ್ನು ಒಯ್ದು ಒಂದೇ ಗಿಳಿಯಲ್ಲಿ ಇಟ್ಟು, ಅದನ್ನು ಮೊಳೆಗೆ ನೇತುಹಾಕಿದ್ದರು.

ಬದಲಿ ಸಿಮ್ ತರಿಸಬಹುದೇ ಎಂದು ನೋಡಿದರೆ ಅದೂ ಆಗದ ಮಾತು. ಸಿಮ್ ಇದ್ದದ್ದು ಹೊಲಿಗೆಯವಳ ತೀರಿಹೋದ ಗಂಡನ ಹೆಸರಿನಲ್ಲಿ. ಕಾಗದಪತ್ರ ಸೇರಿ ಬರಲು ಹದಿನೈದು ದಿನ. ಆ್ಯಪಿನಲ್ಲಿ ನಂಬರ್ ಬದಲಿಸೋಣವೆಂದರೆ ಹಳೆಯ ನಂಬರಿಗೇ ಓಟಿಪಿ ಬರುತ್ತಿತ್ತು.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಕಿಟಕಿ ಸಾಹೇಬರನ್ನು ಕರೆಸಿದಳು. ಬೀದಿಯ ಕೊನೆಯ ಮನೆಯವರು. ಸರಕಾರಿ ಸೇವಾ ಕಚೇರಿಯ ಕಿಟಕಿಯ ಹಿಂದೆ ಇಪ್ಪತ್ತಾರು ವರ್ಷ ಕುಳಿತು ಅರ್ಜಿ ತೆಗೆದುಕೊಂಡವರು. ಕಿಟಕಿ ಮುಚ್ಚಿದ ದಿನವೇ ಅವರ ಕೆಲಸವೂ ಮುಗಿದಿತ್ತು. ಇಸ್ತ್ರಿಯ ಗೆರೆ ಎದ್ದು ಕಾಣುವ ಅಂಗಿ ತೊಟ್ಟು ಬಂದು, ಕುರ್ಚಿಯ ಅಂಚಿನಲ್ಲಿ ಕುಳಿತರು.

"ಸೋಮವಾರ ಎಂಟೂವರೆಗೆ ಎಲ್ಲಿದ್ರಿ?"

"ದಂತವೈದ್ಯರ ಹತ್ರ. ಬಾಯಿ ತೆಗೆದುಕೊಂಡು." ಚೀಟಿ ಮುಂದಿಟ್ಟರು. ಎಂಟರಿಂದ ಒಂಬತ್ತೂ ಕಾಲು.

"ಬೀದಿಯವರಿಗೆಲ್ಲ ನಿಮ್ಮ ಮೇಲೇ ಅನುಮಾನ."

"ನನ್ನ ಮೇಲೆ ಅನುಮಾನ ಪಡೋದು ಅವರಿಗೆ ಅಭ್ಯಾಸ ಮೇಡಂ. ಇಪ್ಪತ್ತಾರು ವರ್ಷ ಬೈಸಿಕೊಂಡಿದ್ದೀನಿ. ನಿನ್ನ ಮನೆ ಹಾಳಾಗ ಅಂದವರಿದ್ದಾರೆ, ಕಿಟಕಿಯೊಳಗೆ ಚಪ್ಪಲಿ ಎಸೆದವರಿದ್ದಾರೆ. ಒಂದೇ ಕಾಲಿನದು ಎಸೆದಿದ್ರು, ಮಾರನೇ ದಿನ ಅರ್ಜಿ ಜೊತೆ ಬಂದು ವಾಪಸ್ ತಗೊಂಡು ಹೋದ್ರು." ನಕ್ಷೆಗೆ ನಗು ತಡೆಯಲಾಗಲಿಲ್ಲ. ಸಾಹೇಬರು ನಗಲಿಲ್ಲ. "ಈಗ ಹೇಳ್ತೀನಿ, ಬರ್ಕೊಳ್ಳಿ. ಮೂರು ವರ್ಷದಿಂದ ಆ ಬೀದಿಯಲ್ಲಿ ಸರಕಾರವನ್ನ ಒಬ್ಬರೂ ಬೈದಿಲ್ಲ. ಒಬ್ಬರೂ! ನನ್ನ ಸರ್ವೀಸಿನಲ್ಲೇ ಇಂಥದ್ದು ಕಂಡಿಲ್ಲ. ಹತ್ತು ಅರ್ಜಿ ಬಂದ್ರೆ ಆರು ವಾಪಸ್ ಹೋಗೋದು ಲೆಕ್ಕ. ವಾಪಸ್ ಹೋದವನು ಬೈದೇ ಬೈತಾನೆ. ಇವರು ಯಾಕೆ ಬೈತಿಲ್ಲ?"

"ನೀವೇ ಹೇಳಿ."

"ನನಗೆ ಗೊತ್ತಿಲ್ಲ. ನನಗೆ ಹೆದರಿಕೆಯಾಗುತ್ತೆ, ಅಷ್ಟೇ."

ಅವರು ಹೋದ ಮೇಲೂ ಆ ಮಾತು ಕೋಣೆಯಲ್ಲೇ ಕುಳಿತಿತ್ತು. ಕಳ್ಳನನ್ನು ಹುಡುಕಲು ಹೊರಟವಳಿಗೆ ಬೈಗುಳ ಕಾಣೆಯಾಗಿದೆ ಎಂಬ ಇನ್ನೊಂದು ದೂರು ಕೈಸೇರಿದಂತಾಗಿತ್ತು. ಅಂದೇ ಸಂಜೆ ನಾಲ್ಕಕ್ಕೆ ಅವಳು ಆ ನಂಬರಿನ ಎಲ್ಲ ಅರ್ಜಿಗಳ ಸ್ಥಿತಿ ಕೇಳಿ ಸೇವಾ ಕಚೇರಿಗೆ ಪತ್ರ ಕಳಿಸಿದಳು.

ಬುಧವಾರ ಮಧ್ಯಾಹ್ನ ಎರಡಕ್ಕೆ ಕಚೇರಿಗೆ ತಾನೇ ಹೋದಳು. ಹಳೆಯ ಕಿಟಕಿಗೆ ಹಲಗೆ ಬಡಿದು, ಅದರ ಮೇಲೆ ನಗುವ ಕುಟುಂಬವೊಂದು ಫೋನ್ ನೋಡುತ್ತಿರುವ ದೊಡ್ಡ ಚಿತ್ರ ಅಂಟಿಸಿದ್ದರು. ಒಳಗಿನ ಅಧಿಕಾರಿ ಎದ್ದುನಿಂತು ಕೈಕುಲುಕಿದ.

"ಆ ಬೀದಿನಾ! ನಮ್ಮ ಹೆಮ್ಮೆ ಮೇಡಂ ಅದು. ಇಡೀ ನಗರದಲ್ಲಿ ನಂಬರ್ ಒನ್. ಸೇವೆ ತೃಪ್ತಿಕರವೇ ಅಂತ ನಾವು ಕೇಳಿದಾಗೆಲ್ಲ ಮೂವತ್ತೊಂದಕ್ಕೆ ಮೂವತ್ತೊಂದೂ ಐದು ನಕ್ಷತ್ರ. ಶುಕ್ರವಾರ ಹನ್ನೊಂದಕ್ಕೆ ಮೇಲಿನವರು ಬರ್ತಾರೆ. ಅತ್ಯಂತ ವಿಶ್ವಾಸದ ಬೀದಿ ಅಂತ ಪ್ರಮಾಣಪತ್ರ ಕೊಡ್ತಾರೆ. ಒಬ್ಬೊಬ್ಬರ ಅರ್ಜಿಯನ್ನೂ ದೊಡ್ಡ ಪರದೆ ಮೇಲೆ ತೋರಿಸಿ ಮಾತಾಡಿಸ್ತಾರೆ."

"ಇದು ಬೀದಿಯವರಿಗೆ ಗೊತ್ತಾ?"

"ಶನಿವಾರವೇ ಆ ನಂಬರಿಗೆ ಸಂದೇಶ ಹೋಗಿದೆಯಲ್ಲ."

ಅವನು ಕೊಟ್ಟ ಪಟ್ಟಿಯನ್ನು ಇನ್‌ಸ್ಪೆಕ್ಟರ್ ಅಲ್ಲೇ ನಿಂತು ಓದಿದಳು. ಮಂಜೂರಾದವು ನಾಲ್ಕು. ತಿರಸ್ಕೃತವಾದವು ಹತ್ತೊಂಬತ್ತು. ದಾಖಲೆ ಸಾಲದೆಂದು ಹಿಂದಿರುಗಿಸಿದವು ಎಂಟು. ಅವುಗಳಲ್ಲಿ ಏಳರ ಗಡುವು ತೀರಿತ್ತು. ಇಸ್ತ್ರಿ ಅಜ್ಜಿಯ ಕೆಳಮಹಡಿ ಮನೆ ತಿರಸ್ಕೃತವಾಗಿ ಎರಡು ವರ್ಷ ಎಂಟು ತಿಂಗಳು. ಪ್ರತಿ ಸಾಲಿನ ಕೊನೆಯಲ್ಲೂ ಐದು ನಕ್ಷತ್ರ.

"ಹತ್ತೊಂಬತ್ತು ಜನಕ್ಕೆ ಇಲ್ಲ ಅಂದಿದ್ದೀರಿ. ಅವರೂ ಐದು ಕೊಟ್ಟಿದ್ದಾರೆ. ನಿಮಗೆ ಏನೂ ಅನ್ನಿಸಲಿಲ್ವಾ?"

"ಅನ್ನಿಸೋದೇನು ಮೇಡಂ? ನಮ್ಮ ಸಂದೇಶದ ಭಾಷೆ ಅಷ್ಟು ಸೌಜನ್ಯವಾಗಿದೆ."

ಅವಳ ಬೆರಳು ಎಂಟನೆಯ ಸಾಲಿನಲ್ಲಿ ನಿಂತಿತು. ಗಾಜು ಕತ್ತರಿಸುವವ, ನಲವತ್ತಾರು ವರ್ಷ, ಕಣ್ಣಿನ ಶಸ್ತ್ರಚಿಕಿತ್ಸೆ. ಹಿಂದಿರುಗಿಸಲು ಕಾರಣ: ವೈದ್ಯರ ಪತ್ರದ ಫೋಟೋ ಮಸುಕು. ಮತ್ತೆ ಕಳಿಸಲು ಕೊನೆಯ ಅವಕಾಶ: ಗುರುವಾರ ಸಂಜೆ ಐದು.

"ನಾಳೆ! ಇದನ್ನ ಈಗ ಕಾಗದದಲ್ಲಿ ತಗೊಳ್ಳಿ. ನಾನು ಪತ್ರ ತಂದು ಕೊಡ್ತೀನಿ."

"ಕಾಗದ ತಗೊಳ್ಳೋ ಕಿಟಕಿ ಈಗಿಲ್ಲವಲ್ಲ ಮೇಡಂ." ಅಧಿಕಾರಿ ನಿಜಕ್ಕೂ ನೊಂದವನಂತೆ ಕಂಡ. "ಆ ಫೋನಿಂದಲೇ ಬರಬೇಕು. ನನ್ನ ಕೈಯಲ್ಲಿ ಏನೂ ಇಲ್ಲ. ಐದಕ್ಕೆ ತಾನಾಗೇ ಮುಚ್ಚಿಕೊಳ್ಳುತ್ತೆ. ಮತ್ತೆ ಹೊಸ ಅರ್ಜಿ, ಹದಿನಾಲ್ಕು ತಿಂಗಳ ಸಾಲು."

ಗಾಜಿನಣ್ಣನ ಅಂಗಡಿಗೆ ಅವಳು ಹೋದಾಗ ಮೂರೂವರೆ. ಬಲಗಣ್ಣು ಪೂರ್ತಿ ಹಾಲಿನ ಬಣ್ಣಕ್ಕೆ ತಿರುಗಿತ್ತು. ಎಡಗಣ್ಣಿಗೂ ಅದೇ ಮೋಡ ಕವಿಯುತ್ತಿತ್ತು. ಹೆಂಡತಿ ಅಳತೆಕೋಲು ಒತ್ತಿ ಹಿಡಿದರೆ, ಅವನು ಕಿವಿ ಕೊಟ್ಟು ಗಾಜು ಸೀಳುತ್ತಿದ್ದ.

"ನೋಡದೆ ಹೇಗೆ ಕತ್ತರಿಸ್ತೀರಿ?"

"ಸದ್ದು ಹೇಳುತ್ತೆ ಮೇಡಂ. ಗೆರೆ ಸರಿಯಾಗಿ ಬಿದ್ರೆ ಒಂದು ಸದ್ದು, ತಪ್ಪಿದ್ರೆ ಇನ್ನೊಂದು. ಗಾಜಿಗೆ ಸುಳ್ಳು ಬರಲ್ಲ."

"ಡಾಕ್ಟ್ರು ಏನಂದಿದ್ದಾರೆ?"

"ಆರು ತಿಂಗಳೊಳಗೆ ಆದ್ರೆ ಎಡಗಣ್ಣು ಉಳಿಯುತ್ತೆ ಅಂದ್ರು. ಅದಾಗಿ ನಾಲ್ಕಾಯ್ತು," ಎಂದಳು ಹೆಂಡತಿ. "ಶನಿವಾರ ಶನಿವಾರ ಹೊಲಿಗೆ ಅಕ್ಕನ್ನ ಕೇಳ್ತೀವಿ. ಪರಿಶೀಲನೆಯಲ್ಲಿದೆ, ಇನ್ನೇನು ಆಯ್ತು ಅಂತಾಳೆ. ಪುಣ್ಯಾತ್ಗಿತ್ತಿ, ಒಂದು ದಿನ ಬೇಜಾರು ಮಾಡ್ಕೊಂಡವಳಲ್ಲ."

ಇನ್‌ಸ್ಪೆಕ್ಟರ್ ಪಟ್ಟಿಯನ್ನು ಮಡಚಿ ಜೇಬಿಗಿಟ್ಟಳು. ಅನುಮಾನಕ್ಕೆ ಇನ್ನೂ ಸಾಕ್ಷಿಯ ಬಲವಿರಲಿಲ್ಲ. ಹೊರಬರುವಾಗ ಇಸ್ತ್ರಿ ಅಜ್ಜಿಯನ್ನು ಒಂದೇ ಪ್ರಶ್ನೆ ಕೇಳಿದಳು: "ಫೋನ್ ನೀವು ಕೊನೆಯ ಸಲ ನೋಡಿದ್ದು ಯಾವಾಗ?"

"ಶನಿವಾರ. ಭಾನುವಾರ ಮಧ್ಯಾಹ್ನ ಕೇಳಿದ್ರೆ ಚಾರ್ಜ್ ಇಲ್ಲ ಅಂದ್ಲು."

ಗುರುವಾರ ಮಧ್ಯಾಹ್ನ ಹನ್ನೆರಡೂವರೆಗೆ ಫೋನ್ ಕಂಪನಿಯಿಂದ ಉತ್ತರ ಬಂತು. ಆ ಫೋನ್ ಕೊನೆಯದಾಗಿ ಚಾಲೂ ಇದ್ದದ್ದು ಭಾನುವಾರ ಮಧ್ಯಾಹ್ನ ಒಂದು ಹದಿನೈದಕ್ಕೆ, ಅದೇ ಬೀದಿಯ ಟವರಿನಲ್ಲಿ. ಆಮೇಲೆ ಸದ್ದಿಲ್ಲ. ಕಳುವಾಗುವ ಹತ್ತೊಂಬತ್ತು ಗಂಟೆ ಮುಂಚೆಯೇ ಫೋನಿನ ಬಾಯಿ ಮುಚ್ಚಿಸಲಾಗಿತ್ತು.

"ಅಂದ್ರೆ, ದೂರು ಕೊಟ್ಟವಳೇ..." ಎಂದ ನಕ್ಷೆ. ಮಾತು ಮುಗಿಸಲು ಅವನಿಗೆ ಮನಸ್ಸಾಗಲಿಲ್ಲ. ಅವನ ಅಂಗಿಯ ಕಿತ್ತುಹೋದ ಗುಂಡಿಯನ್ನು ಸೋಮವಾರ ಪಂಚನಾಮೆಯ ನಡುವೆಯೇ ಅವಳು ಹಾಕಿಕೊಟ್ಟಿದ್ದಳು.

ಎರಡು ಇಪ್ಪತ್ತಕ್ಕೆ ಶೋಧನೆ ಶುರುವಾಯಿತು. ಪಂಚರು ಈ ಸಲ ಕಿಟಕಿ ಸಾಹೇಬರು ಮತ್ತು ಔಷಧಿ ಅಂಗಡಿಯವ. ಹೊಲಿಗೆಯವಳು ಮಿಷನ್ನಿನ ಮುಂದೆ ಕೈಕಟ್ಟಿ ಕುಳಿತಳು. ಬೀದಿ ಬಾಗಿಲಲ್ಲಿ ಸೇರಿತು.

"ಅವಳನ್ಯಾಕೆ ಹುಡುಕ್ತೀರಿ? ಕಳಕೊಂಡವಳು ಅವಳು!" ಎಂದು ಸೌಟಿನವಳು ರೇಗಿದಳು.

ಪೆಟ್ಟಿಗೆ, ಬಟ್ಟೆಯ ಗಂಟು, ಅಕ್ಕಿ ಡಬ್ಬ, ಅಟ್ಟ ಎಲ್ಲ ಜಾಲಾಡಿದರು. ಎಲ್ಲೂ ಏನೂ ಇಲ್ಲ. ಸಿಕ್ಕಿದ್ದು ಒಂದು ಪುಸ್ತಕ. ಮನೆಗೊಂದು ಪುಟ, ಮಂಜೂರಾದ ನಾಲ್ಕು ಬಿಟ್ಟು ಪುಟಪುಟದಲ್ಲೂ ದುಂಡು ಅಕ್ಷರದಲ್ಲಿ ದಿನಾಂಕ ಹಾಕಿ ಒಂದೇ ಒಕ್ಕಣೆ: ಪರಿಶೀಲನೆಯಲ್ಲಿದೆ, ಪರಿಶೀಲನೆಯಲ್ಲಿದೆ. ಗಂಟೆ ಮೂರಾಯಿತು. ಇನ್‌ಸ್ಪೆಕ್ಟರ್‌ಗೆ ಗಡಿಯಾರದ ಮುಳ್ಳು ಕಣ್ಣೊಳಗೇ ತಿರುಗಿದಂತಾಗುತ್ತಿತ್ತು.

ಸೋಮವಾರದ ತನ್ನ ಚಿತ್ರವನ್ನು ಹಿಡಿದು ಒಂದೊಂದೇ ವಸ್ತುವಿಗೆ ಗುರುತು ಹಾಕುತ್ತಿದ್ದ ನಕ್ಷೆ ಇಸ್ತ್ರಿ ದಿಂಬಿನ ಮುಂದೆ ನಿಂತ. ಕೈಗೆ ತೆಗೆದುಕೊಂಡು ತಿರುಗಿಸಿದ. ಹತ್ತಾರು ವರ್ಷದ ಬಿಸಿಗೆ ಬಟ್ಟೆಯ ಜೊತೆ ಹೊಲಿಗೆಯೂ ಕಂದಾಗಿತ್ತು. ಅಡಿಯಲ್ಲಿ ಒಂದು ಗೇಣಿನಷ್ಟು ಮಾತ್ರ ದಾರ ಬೆಳ್ಳಗಿತ್ತು.

"ಅಕ್ಕ, ಇದನ್ನ ಬಿಚ್ಲಾ?" ಎಂದು ಕೇಳಿದ.

ಹೊಲಿಗೆಯವಳು ತಾನೇ ಚಿಕ್ಕ ಕತ್ತರಿ ತೆಗೆದು ಅವನ ಕೈಗಿಟ್ಟಳು. "ಎಳೀಬೇಡ, ಹರಿಯುತ್ತೆ. ದಾರ ಕತ್ತರಿಸು," ಎಂದಳು.

ಮೂರು ಇಪ್ಪತ್ತಕ್ಕೆ, ದಿಂಬಿಗೆ ತುಂಬಿದ ಹೊಟ್ಟಿನ ಒಳಗಿಂದ ಫೋನ್ ಹೊರಬಂತು.

ಇನ್‌ಸ್ಪೆಕ್ಟರ್ ಕಚೇರಿಯ ಪಟ್ಟಿ ತೆಗೆದು, ಒಬ್ಬೊಬ್ಬರ ಮುಂದೆ ಒಂದೊಂದು ಸಾಲು ಓದಿದಳು. ಓದಲೇಬೇಕಿತ್ತು, ಹೇಳಿಕೆ ಬರೆಸಿಕೊಳ್ಳುವ ಮೊದಲು ನೊಂದವರಿಗೆ ತಮಗೆ ಏನಾಗಿದೆ ಎಂದು ಗೊತ್ತಾಗಬೇಕು. ತಿರಸ್ಕೃತ, ತಿರಸ್ಕೃತ ಎಂದು ಓದುತ್ತ ಹೋದಂತೆ ಅವಳಿಗೆ ತಾನೇ ಅವರ ಕೈಯಿಂದ ಒಂದೊಂದನ್ನು ಕಿತ್ತುಕೊಳ್ಳುತ್ತಿರುವಂತೆ ಅನ್ನಿಸಿತು. ಇಸ್ತ್ರಿ ಅಜ್ಜಿ ಕೇಳಿಸಿಕೊಂಡು, "ಹಂಗಂದ್ರೆ ಕಿಟಕಿ ಇರೋ ಮನೆ?" ಎಂದಳು. ಅಜ್ಜಿ ಹೋಗಿ ತನ್ನ ಇಸ್ತ್ರಿ ಪೆಟ್ಟಿಗೆಯ ಪಕ್ಕ ಕುಳಿತಳು.

ಗಾಜಿನಣ್ಣ ಗೋಡೆ ಹಿಡಿದುಕೊಂಡು ಮುಂದೆ ಬಂದ. "ನಂದು?"

"ನಿಮ್ಮದು ಹೋಗಿಲ್ಲ. ಐದು ಗಂಟೆವರೆಗೂ ಇದೆ. ಪತ್ರದ ಫೋಟೋ ಸರಿಯಾಗಿ ತೆಗೆದು ಕಳಿಸಬೇಕು. ಈ ಫೋನಿಂದಲೇ."

ಗಂಟೆ ಮೂರು ಐವತ್ತು. ನಕ್ಷೆ ಇನ್‌ಸ್ಪೆಕ್ಟರ್ ಕಿವಿಯ ಬಳಿ ಬಗ್ಗಿದ. "ಮೇಡಂ, ಇದು ಈಗ ಮುದ್ದೆಮಾಲು. ಬಟ್ಟೆ ಸುತ್ತಿ ಅರಗು ಹಾಕಬೇಕು. ಚಾಲೂ ಮಾಡಿದ್ರೆ ನಾಳೆ ಕೋರ್ಟಲ್ಲಿ ನಮ್ಮ ತಲೆ ತೆಗೀತಾರೆ."

"ಗೊತ್ತು. ಪಂಚನಾಮೆ ಇನ್ನೂ ಮುಗಿದಿಲ್ಲ ತಾನೇ? ನಡೆದದ್ದನ್ನ ನಿಮಿಷ ನಿಮಿಷಕ್ಕೂ ಬರಿ. ತಲೆ ನನ್ನದು ಇರಲಿ."

ಆದರೆ ಫೋನಿನ ಬೀಗದ ಗುರುತು ಗೊತ್ತಿದ್ದದ್ದು ಹೊಲಿಗೆಯವಳೊಬ್ಬಳಿಗೇ. ಆ್ಯಪಿನಲ್ಲಿ ಎಲ್ಲಿ ಏನು ಒತ್ತಬೇಕೆಂದು ಗೊತ್ತಿದ್ದದ್ದೂ ಅವಳಿಗೇ.

ಗಾಜಿನಣ್ಣ ಹಿಂದೆ ಸರಿದ. "ಅವಳ ಕೈಯಲ್ಲಾ? ಬೇಡ ಮೇಡಂ. ಕಣ್ಣು ಹೋದ್ರೆ ಹೋಗ್ಲಿ."

"ರೀ!" ಎಂದಳು ಹೆಂಡತಿ.

"ಏನು ರೀ? ಅವಳು ಏನು ಕಳಿಸ್ತಾಳೋ ನನಗೆ ಕಾಣುತ್ತಾ? ಅತ್ಲಾಗಿಂದ ಉತ್ತರ ಏನು ಬರುತ್ತೋ ಕಾಣುತ್ತಾ? ನಾಲ್ಕು ತಿಂಗಳು ಈ ಅಂಗಡಿ ಮುಂದೆ ನಿಂತು ಸರಕಾರಕ್ಕೆ ಕೈಮುಗಿದಿದ್ದೀನಿ. ಯಾರಿಗೆ ಮುಗಿದೆ ನಾನು? ಈ ದಿಂಬಿಗಾ?"

ಸರಕಾರದ ಪರವಾಗಿ ಅಲ್ಲಿ ನಿಂತಿದ್ದವಳು ಇನ್‌ಸ್ಪೆಕ್ಟರ್ ಒಬ್ಬಳೇ. ಮೈಮೇಲೆ ಸಮವಸ್ತ್ರವಿತ್ತು.

ಕಿಟಕಿ ಸಾಹೇಬರು ಎದ್ದು ಬಂದು ಅವನ ಭುಜ ಹಿಡಿದರು. "ಬೈಯ್ಯಿ, ಚೆನ್ನಾಗಿ ಬೈಯ್ಯಿ. ಬೈದು ಕಳಿಸು, ಕಳಿಸದೇ ಇರಬೇಡ. ಪತ್ರ ಎಲ್ಲಿದೆ?"

ಹೆಂಡತಿ ಓಡಿ ತಂದಳು. ಬೀದಿಯ ಬೆಳಕಿನಲ್ಲಿ, ಒಂದು ಗಾಜಿನ ಹಾಳೆಯ ಕೆಳಗೆ ಪತ್ರವನ್ನು ಮಟ್ಟಸವಾಗಿ ಇಟ್ಟರು. ಹೊಲಿಗೆಯವಳು ಫೋನ್ ಚಾಲೂ ಮಾಡಿದಳು. ಕೆಂಪು ಚುಕ್ಕೆಯ ಸಂದೇಶವನ್ನು ಮುಟ್ಟುವ ಮುಂಚೆ ಅವಳು ಒಮ್ಮೆ ಕಣ್ಣು ಮುಚ್ಚಿದಳು.

"ಪೂರ್ತಿ ಓದಿ," ಎಂದಳು ಇನ್‌ಸ್ಪೆಕ್ಟರ್. "ಅವರಿಗೆ ಕೇಳಿಸೋ ಹಾಗೆ."

ಅವಳು ಮೊದಲ ಅಕ್ಷರದಿಂದ ಕೊನೆಯವರೆಗೂ ಓದಿದಳು. ಹತ್ತೊಂಬತ್ತು ದಿನದಿಂದ ಅಲ್ಲೇ ಬಿದ್ದಿದ್ದ ಐದು ಸಾಲು. ಫೋಟೋ ತೆಗೆದು, ಕಳಿಸುವ ಗುಂಡಿ ಒತ್ತಿದಾಗ ನಾಲ್ಕು ಮೂವತ್ತೆಂಟು. ನಕ್ಷೆ ಬರೆದುಕೊಂಡ. ಪರದೆಯ ಮೇಲೆ ಒಂದು ಚಕ್ರ ಸುತ್ತಿತು, ನಿಂತಿತು, ಮತ್ತೆ ಸುತ್ತಿತು. ನಾಲ್ಕು ನಲವತ್ತಮೂರಕ್ಕೆ ಉತ್ತರ ಬಂತು: ದಾಖಲೆ ಸ್ವೀಕೃತವಾಗಿದೆ.

"ಏನಂತೆ?" ಎಂದ ಗಾಜಿನಣ್ಣ.

ಹೊಲಿಗೆಯವಳು ಬಾಯಿ ತೆರೆಯುವಷ್ಟರಲ್ಲಿ ಅವನು ಕೈ ಎತ್ತಿದ. "ನೀನಲ್ಲ." ಇನ್‌ಸ್ಪೆಕ್ಟರ್ ಓದಿದಳು. ಅವನು ತಲೆ ಓರೆ ಮಾಡಿ ಕೇಳಿದ. ಆಮೇಲೆ ಸಾಹೇಬರ ಕೈಗೆ ಕೊಡಿಸಿ ಓದಿಸಿದ. ಅದೂ ಸಾಲದೆ, ಬೀದಿಯ ಆಚೆ ಬದಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ, ಈ ಬೀದಿಗೇ ಸಂಬಂಧವಿಲ್ಲದ ಒಬ್ಬನನ್ನು ಕೂಗಿ ಕರೆಸಿದ. ಅವನು ಗಾಬರಿಯಿಂದ ಬಂದು, ಅದೇ ಎರಡು ಪದ ಓದಿ, ಸುತ್ತಲೂ ನೋಡಿ, "ಯಾಕ್ರೀ, ಏನಾಯ್ತು?" ಎಂದ.

"ಏನಿಲ್ಲ. ಹೋಗಿ," ಎಂದ ಗಾಜಿನಣ್ಣ. ನಂಬಿದನೋ ಇಲ್ಲವೋ ಅವನ ಮುಖದಲ್ಲಿ ಗೊತ್ತಾಗಲಿಲ್ಲ.

ನಾಲ್ಕು ಐವತ್ತೈದಕ್ಕೆ ಫೋನನ್ನು ಬಟ್ಟೆಯಲ್ಲಿ ಸುತ್ತಿ ಅರಗು ಹಾಕಿದರು. ಸುಳ್ಳು ದೂರು ಕೊಟ್ಟದ್ದು, ಬೇರೆಯವರ ಹೆಸರಿನಲ್ಲಿ ಸರಕಾರಕ್ಕೆ ಉತ್ತರ ಕಳಿಸಿದ್ದು ಎಂಬ ಆಪಾದನೆಗಳ ಮೇಲೆ ಹೊಲಿಗೆಯವಳನ್ನು ಐದು ಹತ್ತಕ್ಕೆ ಬಂಧಿಸಲಾಯಿತು. ಜೀಪು ಹತ್ತುವಾಗ ಬೀದಿ ಬೈಯಲಿಲ್ಲ, ಅಳಲೂ ಇಲ್ಲ. ಒಬ್ಬೊಬ್ಬರಾಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಠಾಣೆಯಿಂದ ಇನ್‌ಸ್ಪೆಕ್ಟರ್ ಸೇವಾ ಕಚೇರಿಗೆ ಫೋನ್ ಮಾಡಿ ವಿಷಯ ತಿಳಿಸಿದಳು. ಆ ಕಡೆಯಿಂದ ಅಧಿಕಾರಿ, "ಪ್ರಮಾಣಪತ್ರ ಅಚ್ಚಾಗಿಬಿಟ್ಟಿದೆಯಲ್ಲ ಮೇಡಂ. ಚೌಕಟ್ಟೂ ಹಾಕ್ಸಿದ್ದೀವಿ," ಎಂದ.

ಹೇಳಿಕೆ ಶುರುವಾದದ್ದು ಐದೂ ಮುಕ್ಕಾಲಿಗೆ.

"ಯಾವಾಗಿಂದ?"

"ಮೊದಲನೆಯದು ಅಜ್ಜಿದೇ. ಇಲ್ಲ ಅಂತ ಬಂತು. ಇಲ್ಲ ಅಂತಲೇ ಹೇಳ್ದೆ ಮೇಡಂ, ಸತ್ಯವಾಗ್ಲೂ. ಅವರು ಮಾರನೇ ದಿನ ಬಂದ್ರು. ಇನ್ನೊಂದ್ಸಲ ನೋಡಮ್ಮ, ಫೋನಿಗೆ ನಿದ್ದೆ ಬಂದಿತ್ತೇನೋ ಅಂದ್ರು. ಅದರ ಮಾರನೇ ದಿನವೂ ಬಂದ್ರು. ತೊಳೆದ ಸೀರೆ ಉಟ್ಕೊಂಡು, ತಲೆ ಬಾಚ್ಕೊಂಡು. ಕಚೇರಿಗೆ ಹೋಗೋ ಹಾಗೆ. ನಲವತ್ತು ದಿನ ಬಂದ್ರು. ದಿನಾ ನಾನೇ ಇಲ್ಲ ಅನ್ನಬೇಕು. ಕಚೇರಿಯವರು ಒಂದೇ ಸಲ ಅಂದ್ರು, ನಾನು ನಲವತ್ತು ಸಲ ಅಂದೆ. ನಲವತ್ತೊಂದನೇ ದಿನ, ಪರಿಶೀಲನೆಯಲ್ಲಿದೆಯಂತೆ ಅಜ್ಜಿ ಅಂದ್ಬಿಟ್ಟೆ."

"ಆಮೇಲೆ?"

"ನಕ್ಕರು. ಆ ಮನೆ ಕಿಟಕಿಗೆ ಪರದೆ ಹೊಲಿದುಕೊಡು ಅಂದ್ರು. ಹೊಲಿದುಕೊಟ್ಟೆ." ಹೊಲಿಗೆಯವಳು ಮೂಗು ಒರೆಸಿಕೊಂಡಳು. "ಎರಡನೆಯದಕ್ಕೆ ಕಷ್ಟವಾಗ್ಲಿಲ್ಲ. ಆಮೇಲಾಮೇಲೆ ಕೆಂಪು ಚುಕ್ಕೆ ಕಂಡ್ರೆ ತೆರೀತಾನೇ ಇರ್ಲಿಲ್ಲ. ತೆರೆದ್ರೆ ಗೊತ್ತಾಗುತ್ತೆ, ಗೊತ್ತಾದ್ರೆ ಸುಳ್ಳಾಗುತ್ತೆ. ತೆರೀದಿದ್ರೆ ನನಗೂ ಪರಿಶೀಲನೆಯಲ್ಲೇ ಇರೋದು. ಗಾಜಿನಣ್ಣಂದು ಹಂಗೇ ಆಯ್ತು. ಕಣ್ಣಿನ ವಿಷಯ ಅಂತ ಗೊತ್ತಿದ್ದೂ ತೆರೀಲಿಲ್ಲ. ಅದಕ್ಕೆ ಏನು ಶಿಕ್ಷೆ ಇದ್ರೂ ಕೊಡಿ."

ಇನ್‌ಸ್ಪೆಕ್ಟರ್ ಪಟ್ಟಿಯ ನಕ್ಷತ್ರಗಳ ಮೇಲೆ ಬೆರಳಿಟ್ಟಳು.

"ಶುಕ್ರವಾರ ಎಲ್ಲಾ ಹೊರಬೀಳುತ್ತೆ ಅಂತ ಹೆದರಿ ಫೋನ್ ಬಚ್ಚಿಟ್ಟದ್ದು ಸರಿ. ನಕ್ಷತ್ರ ಯಾಕೆ ಕೊಟ್ರಿ? ಅದನ್ನ ಕೊಡಲೇಬೇಕು ಅಂತ ಏನಿರಲಿಲ್ಲ."

ಈ ಪ್ರಶ್ನೆಗೆ ಮಾತ್ರ ಅವಳು ತಲೆ ಎತ್ತಿದಳು. ಇಷ್ಟು ಸುಲಭದ್ದು ನಿಮಗೆ ತಿಳಿಯಲಿಲ್ಲವೇ ಎಂಬಂತಿತ್ತು ಆ ನೋಟ.

"ಕಡಿಮೆ ಕೊಟ್ರೆ ಅವರಿಗೆ ಸಿಟ್ಟು ಬರಲ್ವಾ ಮೇಡಂ? ಈ ಬೀದಿಯವರಿಗೆ ಸೊಕ್ಕು ಅಂತ ಪೂರ್ತಿ ಹೆಸರೇ ಹೊಡೆದುಹಾಕಿದ್ರೆ? ಅಲ್ಲಿ ಯಾರೋ ಒಬ್ಬರು ಕೂತು ನೋಡ್ತಿರ್ತಾರೆ ಅಂದ್ಕೊಂಡಿದ್ದೆ. ಐದೈದು ಕೊಡ್ತಾ ಇದ್ರೆ, ಪಾಪ ಒಳ್ಳೆ ಜನ, ಇನ್ನೊಂದ್ಸಲ ನೋಡೋಣ ಅಂತ ಅವರಿಗೂ ಅನ್ನಿಸಬಹುದು ಅಂತ."

ನಕ್ಷೆ ಇನ್‌ಸ್ಪೆಕ್ಟರ್ ಮುಖ ನೋಡಿದ. "ಇದನ್ನೂ ಬರೀಲಾ ಮೇಡಂ?"

"ಬರಿ," ಎಂದಳು ಅವಳು. "ಅವರು ಹೇಳಿದ ಹಾಗೇ ಬರಿ."